ಒಡೆಯದೆ ತಂದ ಕಲ್ಲು

ನಮ್ಮ ಜಿಯಾಲಜಿ ಮೇಡಂ ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಾಗಿರುತ್ತಿತ್ತು. ಸುತ್ತಿಗೆಯ ಗುರಿ ತಪ್ಪಿದಾಗಲೆಲ್ಲ ಏಟು ಅದರ ಮೇಲೇ ಬೀಳುತ್ತಿತ್ತು. ಹಳೆಯ ಉಗುರು ಕಳಚಿ ಹೊಸದು ಬರುವಷ್ಟರಲ್ಲಿ ಮತ್ತೊಂದು ಏಟು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಗಳು. ಮಗ್ಗದ ಸದ್ದಿನ ನಡುವೆ ಬೆಳೆದದ್ದಕ್ಕೋ ಏನೋ, ಪಾಠವನ್ನೂ ಕೂಗಿಯೇ ಮಾಡುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಪಕ್ಕದ ಕೋಣೆಯ ಕಾಮರ್ಸ್ ಹುಡುಗರಿಗೂ ಗ್ರಾನೈಟ್ ಹುಟ್ಟಿದ ಕಥೆ ಬಾಯಿಪಾಠವಾಗಿತ್ತು.

ಖಂಡಗಳು ಹೇಗೆ ಆದವು ಎಂಬುದನ್ನು ಅವರು ಒಲೆಯ ಮೇಲಿಟ್ಟು ಹೇಳುತ್ತಿದ್ದರು. "ಬೆಣ್ಣೆ ಕಾಯಿಸಿದ್ರೆ ಏನಾಗುತ್ರೋ? ತುಪ್ಪ ಮೇಲೆ ಬರುತ್ತೆ, ಗಸಿ ತಳದಲ್ಲಿ ಉಳಿಯುತ್ತೆ. ಭೂಮಿ ಒಳಗೂ ಅಷ್ಟೇ. ಕಪ್ಪು ಕಲ್ಲು ಅರೆಬರೆ ಕರಗಿ, ಹಗುರವಾದದ್ದು ಮೇಲಕ್ಕೆ ಬಂದು ಹರಳುಗಟ್ಟಿತು. ಸೂಲಿಬೆಲೆ, ಬೂದಿಗೆರೆ, ದೇವನಹಳ್ಳಿ ಎಲ್ಲಾ ನಿಂತಿರೋದು ಆ ತುಪ್ಪದ ಮೇಲೇನೇ." ಆ ತುಪ್ಪಕ್ಕೆ ಸುಮಾರು ಮುನ್ನೂರು ಕೋಟಿ ವರ್ಷ ಎಂದು ಸೇರಿಸಿ, ನಮ್ಮ ಮುಖಗಳನ್ನು ನೋಡಿ ನಗುತ್ತಿದ್ದರು.

ಹೊಲದ ಬದಿಯ ಬಂಡೆ ಕಂಡರೆ ಸೀರೆ ಎತ್ತಿ ಕಟ್ಟಿ ಕೂರುವರು. ಒಡೆದ ಚೂರನ್ನು ನಾಲಗೆಯಿಂದ ಒದ್ದೆ ಮಾಡಿ, ಲೆನ್ಸು ಕಣ್ಣಿಗೆ ಹಿಡಿಯುವರು. ಒದ್ದೆಯಾದರೆ ಹರಳುಗಳ ಬಣ್ಣ ಚೆನ್ನಾಗಿ ಕಾಣುತ್ತದೆ. ಒಮ್ಮೆ ಕುರಿ ಕಾಯುವವನೊಬ್ಬ, "ಏನಮ್ಮಾ, ಉಪ್ಪು ಸಾಲ್ದಾ?" ಅಂದ.

"ಉಪ್ಪು ಸರಿಯಾಗೈತೆ ಕಣಪ್ಪಾ. ಸ್ವಲ್ಪ ಹಳಸೈತೆ ಅಷ್ಟೆ."

ಅವರು ಬಿಡದೆ ಹೇಳುತ್ತಿದ್ದ ನಿಯಮ ಒಂದೇ. "ಬಿದ್ದಿರೋ ಕಲ್ಲು ತರಬೇಡ. ಅದು ಎಲ್ಲಿಂದ ಬಂತು ಅಂತ ಯಾರಿಗ್ಗೊತ್ತು? ಬಂಡೆಗೆ ಅಂಟಿಕೊಂಡಿರೋದನ್ನೇ ಒಡಿ."

ಸೂಲಿಬೆಲೆಯಿಂದಾಚೆಗೆ ಒಂದು ಬಂಡೆಯಿತ್ತು. ಸುತ್ತಲಿನ ಕಲ್ಲಿಗಿಂತ ಅದು ಬಹಳ ಹಳೆಯದೆಂದು ಮೇಡಂಗೆ ಅನುಮಾನ. ಅಲ್ಲಿ ಕ್ವಾರಿ ಬರುವ ಸುದ್ದಿಯೂ ಇತ್ತು. ವಯಸ್ಸು ಸಾಬೀತಾದರೆ ಸರ್ಕಾರಕ್ಕೆ ಬರೆದು ಬಂಡೆಯನ್ನು ಉಳಿಸಬಹುದೆಂದು ಅವರ ಆಸೆ. ಮಾದರಿ ಒಡೆದು ತರಬೇಕಾಗಿದ್ದ ದಿನ ಅವರಿಗೆ ಜ್ವರ ಬಂತು. ಆಗ ನಾನು ಎಂಎಸ್ಸಿ ಓದುತ್ತಾ, ರಜೆಯಲ್ಲಿ ಅವರ ಜೊತೆ ಸುತ್ತುತ್ತಿದ್ದೆ. ನನ್ನನ್ನೇ ಕಳಿಸಿದರು.

ಸುಡುವ ಬಿಸಿಲು. ಎಷ್ಟು ಹೊಡೆದರೂ ಸುತ್ತಿಗೆ ಚಿಮ್ಮುತ್ತಿತ್ತೇ ಹೊರತು ಕಲ್ಲು ಏಳಲಿಲ್ಲ. ಕೊನೆಗೆ ಹಿಡಿಯೇ ಸೀಳಿತು. ಬಂಡೆಯ ಬುಡದಲ್ಲಿ ಅದೇ ಬಣ್ಣದ ತುಂಡುಗಳು ಬಿದ್ದಿದ್ದವು. ಅದರಲ್ಲೇ ಒಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

"ಒಡೆದು ತಂದ್ಯೇನೋ?"

"ಹೂಂ ಮೇಡಂ."

ಪರೀಕ್ಷೆಯ ವರದಿ ಬರಲು ತಿಂಗಳುಗಳೇ ಹಿಡಿದವು. ಅವರು ಊಹಿಸಿದ್ದಕ್ಕಿಂತಲೂ ಕಲ್ಲು ಹಳೆಯದು. ಮೇಡಂ ಸ್ಟಾಫ್ ರೂಮಿನಲ್ಲೆಲ್ಲ ಮೈಸೂರುಪಾಕು ಹಂಚಿದರು. ಲೇಖನ ಅಚ್ಚಾಯಿತು, ಕ್ವಾರಿಯ ಕೆಲಸ ನಿಂತಿತು. ಹೊರಗಿನಿಂದ ತಜ್ಞರು ನೋಡಲು ಬರುವವರಿದ್ದರು. ಹಿಂದಿನ ದಿನ ಜಾಗಕ್ಕೆ ಗುರುತು ಹಾಕಲು ಮೇಡಂ ನನ್ನನ್ನು ಕರೆದುಕೊಂಡು ಹೋದರು. ಪರೀಕ್ಷೆಗೆ ಕಳಿಸಿ ಉಳಿದ ಅರ್ಧ ತುಂಡು ಅವರ ಕೈಯಲ್ಲಿತ್ತು.

"ಒಡೆದ ಗುರುತು ಎಲ್ಲೋ?"

ಕಲ್ಲು ಕಿತ್ತ ಜಾಗ ವರ್ಷಗಟ್ಟಲೆ ಬೆಳ್ಳಗೆ ಕಾಣುತ್ತದೆ. ಬಂಡೆಯ ಮೈ ಪೂರ್ತಿ ಕಪ್ಪಗಿತ್ತು. ಪಕ್ಕದ ಹೊಲದ ಯಜಮಾನ ಬಂದು ಅವರ ಕೈಯ ತುಂಡನ್ನು ನೋಡಿ ಹೇಳಿದ: "ಅದಾ? ಅದು ನಮ್ಮನೆ ಪಾಯಕ್ಕೆ ತರಿಸಿದ ಕಲ್ಲು ಕಣಮ್ಮಾ. ಮಿಕ್ಕಿದ್ದನ್ನ ತಂದು ಇಲ್ಲಿ ಸುರಿದಿದ್ವಿ. ಕೋಲಾರದ ಕಡೆಯಿಂದ ಬಂತೋ, ಆಂಧ್ರದ ಕಡೆಯಿಂದ ಬಂತೋ, ಯಾರಿಗ್ಗೊತ್ತು."

ಮೇಡಂ ಬಂಡೆಯ ಮೇಲೆ ಕುಳಿತು ನೀರು ಕುಡಿದರು. ಆಮೇಲೆ ಬಾಟಲಿಯನ್ನು ನನಗೆ ಕೊಟ್ಟರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಟಿಕೆಟ್ ತೆಗೆದದ್ದೂ ಅವರೇ.

ಅದೇ ವಾರ ಲೇಖನವನ್ನು ಹಿಂದಕ್ಕೆ ಪಡೆದರು. "ಮಾದರಿ ಸಂಗ್ರಹದಲ್ಲಿ ನನ್ನಿಂದ ತಪ್ಪಾಗಿದೆ" ಎಂದು ಬರೆದ ಕಾಗದವನ್ನು ನನ್ನ ಕೈಗೇ ಕೊಟ್ಟು ಅಂಚೆಗೆ ಹಾಕಲು ಹೇಳಿದರು.

"ಮೇಡಂ, ಇದು ನಂದು..."

"ನಿನಗಿನ್ನೂ ಕೆಲಸ ಸಿಕ್ಕಿಲ್ಲ. ಸುಮ್ನಿರು."

ಸುಮ್ಮನಿದ್ದೆ. ಮತ್ತೆ ಹೋಗಿ ಒಡೆದು ತರೋಣವೆಂದರೆ ಆ ಹೊತ್ತಿಗೆ ಕ್ವಾರಿಯವರು ಬೇಲಿ ಹಾಕಿದ್ದರು, ಮೇಡಂ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಬಂಡೆ ಜಲ್ಲಿಯಾಗಿ ಲಾರಿ ಹತ್ತಿತು. ಅದರ ನಿಜವಾದ ವಯಸ್ಸು ಎಷ್ಟೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಮೇಡಂ ಮತ್ತೆ ಏನನ್ನೂ ಬರೆಯಲಿಲ್ಲ. ನಿವೃತ್ತರಾಗುವ ಮುನ್ನ ನನಗೊಂದು ಶಿಫಾರಸು ಪತ್ರ ಕೊಟ್ಟರು. "ಕೆಲಸದಲ್ಲಿ ಪ್ರಾಮಾಣಿಕ" ಎಂಬ ಮಾತು ಅದರಲ್ಲಿತ್ತು. ಆ ಪತ್ರದಿಂದಲೇ ಅವರ ಜಾಗಕ್ಕೆ ಬಂದೆ.

ಕಳೆದ ತಿಂಗಳು ಅವರು ತೀರಿಕೊಂಡರು. ದೊಡ್ಡಬಳ್ಳಾಪುರದಲ್ಲಿ ಅವರ ತಮ್ಮನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಹಾರ ಹಾಕಿದೆ, ಯಾರೋ ಕೊಟ್ಟ ಟೀ ಕುಡಿದೆ, ಲೋಟ ಎಲ್ಲಿಡುವುದೆಂದು ಹುಡುಕಿದೆ. ಒಳಗೆ ಏನೂ ಅಲುಗಾಡಲಿಲ್ಲ.

ಕಾಲೇಜಿನ ಹಳೆಯ ಪ್ರಿನ್ಸಿಪಾಲರು ಪಕ್ಕಕ್ಕೆ ಬಂದು ಕುಳಿತರು. "ಎಂಥಾ ಟೀಚರ್ರು ಕಣಪ್ಪಾ. ಆ ಒಂದು ಕಲ್ಲಿನ ವಿಷಯದಲ್ಲಿ ಎಡವಿಬಿಟ್ರು. ಜೊತೆಗಿದ್ದವನು ನೀನು, ನಿಂಗೊತ್ತಲ್ಲ. ಅವಸರ ಪಟ್ರು, ಅಲ್ವಾ?"

ನನಗೀಗ ಕೆಲಸವಿದೆ. ಪರ್ಮನೆಂಟೂ ಆಗಿದೆ.

"ಹೌದು ಸಾರ್" ಅಂದೆ.