ಬೇಸಿಗೆಗೆ ಇಬ್ಬರು ಸಾಕು

ಅವರ ಎಡಗಿವಿಯ ಮೇಲೆ ಸದಾ ತೆಂಗಿನ ನಾರಿನ ಪುಡಿ ಅಂಟಿಕೊಂಡಿರುತ್ತಿತ್ತು. ಹಣೆಯ ವಿಭೂತಿ ಮಧ್ಯಾಹ್ನದೊಳಗೆ ಬೆವರಿಗೆ ಕರಗಿಹೋಗುತ್ತಿತ್ತು, ಕಿವಿಯ ಮೇಲಿನ ಆ ಕಂದು ಪುಡಿ ಮಾತ್ರ ಸಂಜೆ ಮೈದಾನಕ್ಕೆ ಬರುವಾಗಲೂ ಹಾಗೇ ಇರುತ್ತಿತ್ತು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿದ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಎಡಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಅವರ ಹಗಲಿನ ಕೆಲಸ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಕೆಳಗೆ. ಬುಳುಬುಳು ಅಂದರೆ ಮತ್ತೆ ಅಟ್ಟಕ್ಕೆ. ಸಂಜೆಯಾದರೆ ನಮಗೆ ಫುಟ್‌ಬಾಲ್ ಹೇಳಿಕೊಡುವುದು. ಚೆಂಡನ್ನೂ ಮೊದಲು ಎಡಗಿವಿಗೆ ಹಿಡಿದು, ಗಾಳಿ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೇ ನೆಲಕ್ಕೆ ಹಾಕುತ್ತಿದ್ದರು. ತಿಪಟೂರಿನ ಫುಟ್‌ಬಾಲ್ ಹುಚ್ಚಿನವರಿಗೆಲ್ಲ ಅವರು ಕೋಚಣ್ಣ.

ನಮಗೆ ಮೈದಾನ ಅಂತ ಇದ್ದದ್ದು ಕೆರೆ. ಬೇಸಿಗೆಯಲ್ಲಿ ನೀರು ಬತ್ತಿ ತಳ ಗಟ್ಟಿಯಾದ ಮೇಲೆ ಎರಡು ಕಡೆ ನೀಲಗಿರಿ ಕಂಬ ನೆಟ್ಟರೆ ಅದೇ ಮೈದಾನ. ಮಳೆ ಹಿಡಿದರೆ ಆ ವರ್ಷದ ಆಟ ಮುಗಿಯಿತು. ಹಾಗಾಗಿ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತಂಡಗಳೆಲ್ಲ ಸೇರುವ ಪಂದ್ಯಾವಳಿಯೂ ಬೇಸಿಗೆಯಲ್ಲೇ. ಅದಕ್ಕೆ ಒಂದು ತಿಂಗಳ ಮುಂಚೆ ಕೆರೆ ಏರಿಯ ಮೇಲೆ ಕೂತು ನಾವು ಆಡುತ್ತಿದ್ದ ಜಗಳ ಒಂದೇ: ಈ ಸಲ ಹೊಸಬರನ್ನು ಎಷ್ಟು ಜನ ತಗೋಬೇಕು? ನಮ್ಮ ಕ್ಲಬ್ಬಿನಲ್ಲಿ ಇದ್ದದ್ದು ಹದಿನೆಂಟು ಜರ್ಸಿ. ಹೊಸಬನೊಬ್ಬ ಒಳಗೆ ಬಂದರೆ ಹಳಬನೊಬ್ಬ ಜರ್ಸಿ ಬಿಚ್ಚಿ ಕೊಡಬೇಕು. ಕೋಚಣ್ಣನ ಉತ್ತರ ಯಾವ ವರ್ಷವೂ ಬದಲಾಗಲಿಲ್ಲ.

"ಇಬ್ರು. ಇಬ್ರೇ ಸಾಕು."

ಆ ಇಬ್ಬರಾದರೂ ಸುಮ್ಮನೆ ಬರುತ್ತಿರಲಿಲ್ಲ. ಒಂದು ವರ್ಷ ಅಭ್ಯಾಸಕ್ಕೆ ಬರಬೇಕು, ಓಡಬೇಕು, ಏರಿಯ ಮೇಲೆ ಕೂತು ನಮ್ಮ ಆಟ ನೋಡಬೇಕು. ಪಂದ್ಯ ಮಾತ್ರ ಆಡುವಂತಿಲ್ಲ. ಅವರನ್ನು ನಾವು 'ಅಟ್ಟದೋರು' ಎಂದು ರೇಗಿಸುತ್ತಿದ್ದೆವು. ಎಷ್ಟೇ ಚೆನ್ನಾಗಿ ಗೋಲು ಹೊಡೆಯಲಿ, ಕೋಚಣ್ಣ ಅವನ ಭುಜ ಹಿಡಿದು ಒಂದು ಸಲ ಕುಲುಕಿ, "ಇನ್ನೂ ಬುಳುಬುಳು ಅಂತಾನೆ ಕಣ್ರಲಾ, ಇರ್ಲಿ ಬುಡಿ," ಎನ್ನುತ್ತಿದ್ದರು. ನಾನೂ ಒಂದು ವರ್ಷ ಅಟ್ಟದಲ್ಲಿದ್ದವನೇ. ಆಮೇಲೆ ಐದನೇ ನಂಬರಿನ ಜರ್ಸಿ ಸಿಕ್ಕಿತು. ಹಗಲು ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಜೆರಾಕ್ಸ್ ಅಂಗಡಿ, ಸಂಜೆ ಗೋಲಿನ ಮುಂದೆ ಗೋಡೆಯಾಗಿ ನಿಲ್ಲುವುದು. ಬದುಕಿಗೆ ಇನ್ನೇನೂ ಬೇಕು ಅನ್ನಿಸಿರಲಿಲ್ಲ. ಹದಿನಾಲ್ಕು ಬೇಸಿಗೆ ಆ ಜರ್ಸಿ ತೊಟ್ಟೆ. ಪ್ರತಿ ಬೇಸಿಗೆಯೂ ಒಂದೇ ಪ್ರಾರ್ಥನೆ: ಹೋಗುವ ಇಬ್ಬರಲ್ಲಿ ಒಬ್ಬ ನಾನಾಗದಿರಲಿ.

ಮೊಬೈಲು ಬಂದ ಮೇಲೆ ಹುಡುಗರೆಲ್ಲ ಇಂಗ್ಲೆಂಡಿನ ಕ್ಲಬ್ಬುಗಳ ಅಭಿಮಾನಿಗಳಾದರು. ಬೇಸಿಗೆ ಬಂತೆಂದರೆ ಯಾರು ಯಾರನ್ನು ಕೊಂಡರು ಅನ್ನುವುದೇ ಮಾತು. ಕೋಚಣ್ಣ ಬೂಟಿನ ದಾರ ಬಿಗಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು.

"ಎಷ್ಟು ಜನ ತಗಂಡ್ರಂತ್ಲಾ?"

"ಒಂಬತ್ತು ಜನ ಅಣ್ಣ!"

"ಓಹೋ. ಹಂಗಾರೆ ಹೋದೋರು ಯಾರ್‍ಯಾರು?"

ಯಾರಿಗೂ ಗೊತ್ತಿರುತ್ತಿರಲಿಲ್ಲ. "ಬಂದೋರ ಹೆಸ್ರು ಬಾಯ್‌ಪಾಠ ಮಾಡೀರ, ಹೋದೋನು ಎಲ್ಲೋದ ಅಂತ ಒಬ್ನೂ ಕೇಳಕಿಲ್ಲ," ಎಂದು ಗೊಣಗಿ ಎದ್ದುಹೋಗುತ್ತಿದ್ದರು.

ಹೋಗುವವನಿಗೆ ಹೇಳಲು ಅವರದೊಂದು ಕ್ರಮವಿತ್ತು. ಮೈದಾನದಲ್ಲಿ ಹೇಳುವಂತಿಲ್ಲ, ದಾರಿಯಲ್ಲಿ ನಿಲ್ಲಿಸಿ ಹೇಳುವಂತಿಲ್ಲ. ಅವನ ಮನೆಗೇ ಹೋಗಬೇಕು, ಒಳಗೆ ಕೂರಬೇಕು, ಒಂದು ಲೋಟ ನೀರು ಕೇಳಿ ಕುಡಿದು ಆಮೇಲೆ ಹೇಳಬೇಕು. ಯಾಕೆ ಅಂತ ಒಮ್ಮೆ ಕೇಳಿದ್ದೆ. "ಅವ್ನ ಮನೆ ನೀರು ಗಂಟಲಲ್ಲಿ ಇದ್ರೆ ಒರಟಾಗಿ ಮಾತು ಬರಕಿಲ್ಲ ಕಣ್ಲಾ," ಅಂದರು. ಅವರ ಹಳೇ ಮೊಪೆಡ್ಡಿನ ಹಿಂದೆ ಕೂತು ಪ್ರತಿ ವರ್ಷ ಆ ಎರಡು ಮನೆಗಳಿಗೆ ಹೋಗಿಬರುತ್ತಿದ್ದವನು ನಾನು. ನನಗೆ ಅದೊಂದು ಹೆಮ್ಮೆ. ಒಳಗೊಳಗೆ ಸಮಾಧಾನವೂ ಇತ್ತು ಅನ್ನಿ. ಹಿಂದಿನ ಸೀಟಿನಲ್ಲಿ ನಾನಿದ್ದೇನೆ ಅಂದರೆ ಆ ವರ್ಷ ನನ್ನ ಜರ್ಸಿ ಭದ್ರ.

ಒಂದು ಬೇಸಿಗೆ ಹೋಗಬೇಕಾದ ಇಬ್ಬರಲ್ಲಿ ಒಬ್ಬ ಅವರ ಸ್ವಂತ ಮಗ. ಮೊದಲನೆಯ ಮನೆ ಮುಗಿಸಿ ಮೊಪೆಡ್ಡನ್ನು ತಮ್ಮ ಮನೆಯ ಮುಂದೆ ತಂದು ನಿಲ್ಲಿಸಿದರು. ತೆರೆದೇ ಇದ್ದ ಬಾಗಿಲನ್ನು ಬೆರಳಿನಿಂದ ತಟ್ಟಿದರು. ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಏನ್ರೀ ಇದು, ನಿಮ್ಮನೆಗೆ ನೀವೇ ನೆಂಟ್ರಾಗಿ ಬಂದ್ರಾ?"

"ಮಗ ಮನೇಲವ್ನಾ? ಒಂದು ಲೋಟ ನೀರು ಕೊಡು."

ಅತ್ತಿಗೆ ನಗುತ್ತಾ ಒಳಗೆ ಹೋದರು. ನೀರು ತಂದವನು ಮಗನೇ. ಅವನು ನಗುತ್ತಿರಲಿಲ್ಲ. ಕೋಚಣ್ಣ ಕುಡಿದು, ಲೋಟವನ್ನು ಪಕ್ಕದಲ್ಲಿಟ್ಟು, ಬೇರೆಯವರಿಗೆ ಹೇಳಿದಷ್ಟೇ ಮೆತ್ತಗೆ ಅವನಿಗೂ ಹೇಳಿದರು. ಒಳಗಿನಿಂದ ಅತ್ತಿಗೆ, "ಮನೇಲೂ ನಿಮ್ಮ ರೂಲ್ಸಾ?" ಎಂದು ಕೂಗಿದ್ದು ಕೇಳಿಸಿತು. ಆ ಹೊತ್ತು ಆ ಮನೆಯಲ್ಲಿ ನನ್ನನ್ನು ಊಟಕ್ಕೆ ಏಳು ಎಂದು ಯಾರೂ ಕರೆಯಲಿಲ್ಲ.

ಇಂಥವರ ಮಾತನ್ನು ನಾನು ಒಂದು ವರ್ಷ ಮೀರಿದೆ. ಆಗ ನನಗೆ ವಯಸ್ಸು ಮೂವತ್ತೆರಡು, ಮೊಣಕಾಲು ಚಳಿಗೆ ಹಿಡಿಯತೊಡಗಿತ್ತು. ನನ್ನ ಸರದಿ ಬರುವ ಮುಂಚೆ ಒಂದು ಸಲ ಕಪ್ ಎತ್ತಬೇಕು ಅನ್ನುವ ಹಟ. ಹಾಸನದ ಕಡೆಯಿಂದ ಪಳಗಿದ ಆಟಗಾರರು ಬರಲು ತಯಾರಿದ್ದರು. ನಾನೇ ಮುಂದೆ ನಿಂತು ಎಲ್ಲರನ್ನೂ ಒಪ್ಪಿಸಿದೆ: ಈ ಸಲ ಇಬ್ಬರಲ್ಲ, ಏಳು ಜನ. ಕೋಚಣ್ಣ ಏರಿಯ ಮೇಲೆ ಕೂತು ಒಂದು ಮಾತಷ್ಟೇ ಹೇಳಿದರು.

"ಒಂದ್ಸಲ ರೇಟು ಐತೆ ಅಂತ ಒಣಗ್ದೆ ಇರೋ ಕಾಯೆಲ್ಲ ಒಡ್ಸಿದ್ದೆ ಕಣಪ್ಪ. ಒಂದೂ ಇಡೀ ಉಂಡೆ ಕೊಬ್ರಿಯಾಗಿ ಬರ್ನಿಲ್ಲ, ಎಲ್ಲ ಚಿಪ್ಪಿಗೇ ಕಚ್ಕಂಡು ಚೂರುಚೂರಾಯ್ತು. ಆಮೇಲೆ ನಿಮ್ಮಿಷ್ಟ."

ನಮ್ಮಿಷ್ಟವೇ ಆಯಿತು. ಏಳು ಮನೆಗೆ ಹೋಗಿ ಏಳು ಲೋಟ ನೀರು ಕುಡಿಯುವ ಧೈರ್ಯ ನನಗಿರಲಿಲ್ಲ. ಅಂಗಡಿಯಲ್ಲಿ ಕೂತು ಹದಿನೆಂಟು ಹೆಸರು ಟೈಪ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿ, ಫೋನು ಡ್ರಾಯರಿನೊಳಗೆ ಇಟ್ಟೆ. ಬಿಟ್ಟುಹೋದ ಏಳು ಹೆಸರುಗಳಲ್ಲಿ ಒಂದು ನೊಣವಿನಕೆರೆಯ ನನ್ನ ಗೆಳೆಯನದು. ಹತ್ತು ವರ್ಷ ನನ್ನ ಎಡಗಡೆ ನಿಂತು ಆಡಿದವನು. ಚೆಂಡು ಎಲ್ಲಿ ಬರುತ್ತದೆ ಅಂತ ನಾವಿಬ್ಬರೂ ಮಾತಾಡಿಕೊಳ್ಳಬೇಕಾಗಿಯೇ ಇರಲಿಲ್ಲ.

ನಾವು ಗೆದ್ದೆವು. ಸುಳ್ಳು ಯಾಕೆ ಹೇಳಲಿ, ಆ ಕಪ್ ಎತ್ತಿದಾಗ ಕುಣಿದೆ. ಕುಣಿದು ಸುಸ್ತಾಗಿ ಏರಿಯ ಕಡೆ ನೋಡಿದರೆ ಅರ್ಧ ಏರಿ ಖಾಲಿ. ಆ ಏಳು ಜನ, ಅವರ ಅಣ್ಣತಮ್ಮಂದಿರು, ಕೇರಿಯವರು ಯಾರೂ ಬಂದಿರಲಿಲ್ಲ. ಮುಂದಿನ ಬೇಸಿಗೆಗೆ ಹಾಸನದವರು ಬೇರೆ ಕ್ಲಬ್ಬಿಗೆ ಹೋದರು. ನಮ್ಮಲ್ಲಿ ಉಳಿದದ್ದು ಹನ್ನೊಂದು ಜನ, ಅದರಲ್ಲಿ ಇಬ್ಬರಿಗೆ ಕಾಲು ನೋವು. ಕೋಚಣ್ಣ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಮೊಪೆಡ್ ನಿಲ್ಲಿಸಿ, "ಗಾಡಿ ಹತ್ಲಾ, ಏಳೂ ಮನೆಗೂ ಹೋಗ್ಬರನ," ಅಂದರು.

ನಾಲ್ಕು ಜನ ವಾಪಸು ಬಂದರು. ಇಬ್ಬರು ಬೈದು ಕಳಿಸಿದರು. ನೊಣವಿನಕೆರೆಯ ಗೆಳೆಯ ಹೊರಗೇ ಬರಲಿಲ್ಲ. ಒಳಗೆ ಅವನ ಕೆಮ್ಮು ಕೇಳಿಸುತ್ತಿತ್ತು. ಅವನ ತಾಯಿ ಎರಡು ಲೋಟ ನೀರು ತಂದುಕೊಟ್ಟರು.

"ನಿನ್ನನ್ನೇ ಕಾದ ಕಣಪ್ಪ ಅವ್ನು, ನೀನು ಬರ್ನಿಲ್ಲ," ಎಂದರು ನನಗೆ. ಆಮೇಲೆ ಕೋಚಣ್ಣನ ಕಡೆ ಕೈ ತೋರಿಸಿದರು: "ಹೋದ್ ವರ್ಷ ಇವ್ರು ಬಂದಿದ್ರು. ಹೇಳ್ಬೇಕಾದೋನು ನಾಚ್ಕಂಡವ್ನೆ, ಅವ್ನ ಬದ್ಲು ನಾನು ಬಂದಿವ್ನಿ ಅಂದ್ರು."

ನಾನು ಪಟ್ಟಿ ಹಾಕಿದ ಸಂಜೆಯೇ ಅವರು ಒಬ್ಬರೇ ಏಳು ಮನೆ ಸುತ್ತಿ ಬಂದಿದ್ದರು. ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ವಾಪಸು ಬರುವಾಗ ಅವರ ಬೆನ್ನ ಹಿಂದೆ ಕೂತು ಅತ್ತೆ. ಅವರಿಗೆ ಗೊತ್ತಾಗಿತ್ತು, ಮೊಪೆಡ್ಡನ್ನು ನಿಧಾನ ಮಾಡಿದರೇ ಹೊರತು ತಿರುಗಿ ನೋಡಲಿಲ್ಲ. ಆ ಗೆಳೆಯ ಇವತ್ತಿಗೂ ಮೈದಾನಕ್ಕೆ ಬಂದಿಲ್ಲ. ಎಡಗಡೆಯಿಂದ ಚೆಂಡು ಬಂದಾಗಲೆಲ್ಲ ಅವನಿದ್ದಾನೆ ಅಂದುಕೊಂಡು ಎಷ್ಟು ಸಲ ಬಿಟ್ಟುಕೊಟ್ಟು ಗೋಲು ಹೊಡೆಸಿಕೊಂಡಿದ್ದೇನೋ.

ಅದಾಗಿ ಎರಡು ವರ್ಷಕ್ಕೆ ಒಂದು ಭಾನುವಾರ ಬೆಳಿಗ್ಗೆ ಮೊಪೆಡ್ಡಿನ ಸದ್ದು ನಮ್ಮ ಮನೆಯ ಮುಂದೆ ನಿಂತಿತು. ಎಂದಿನಂತೆ ಇಬ್ಬರ ಮನೆಗೆ ಹೋಗಲು ಕರೆಯಲು ಬಂದಿದ್ದಾರೆ ಅಂದುಕೊಂಡು ಹೆಲ್ಮೆಟ್ ಎತ್ತಿಕೊಂಡು ಹೊರಟೆ. ಅವರು ಒಳಗೆ ಬಂದು ಕುರ್ಚಿಯಲ್ಲಿ ಕೂತರು.

"ಹೆಲ್ಮೆಟ್ ಇಡ್ಲಾ. ಒಂದು ಲೋಟ ನೀರು ಕೊಡು."

ಅಡುಗೆಮನೆಗೆ ಹೋಗಿ ಲೋಟ ತುಂಬಿಸಿದೆ. ತುಂಬಿ ಚೆಲ್ಲಿದರೂ ಅಲ್ಲೇ ನಿಂತಿದ್ದೆ. ತಂದುಕೊಟ್ಟ ನೀರನ್ನು ಅವರು ಪೂರ್ತಿ ಕುಡಿದರು. ನಾನೇ ಕೇಳಿದೆ.

"ಒಂದು ವರ್ಷ ಇರ್ಲಿ ಅಣ್ಣ. ಒಂದೇ ಒಂದು."

"ನೀನು ಗಡಗಡ ಅನ್ನಕ್ಕೆ ಸುರು ಮಾಡಿ ಭಾಳ ವರ್ಷ ಆಯ್ತು ಕಣಪ್ಪ. ಆದ ಕೊಬ್ರಿನ ಅಟ್ಟದಲ್ಲೇ ಇಟ್ಕಂಡ್ರೆ ಹುಳ ಬೀಳ್ತದೆ. ಸೋಮವಾರ ಬಾ. ನನ್ ಪಕ್ಕ ನಿಂತ್ಕ. ಆ ಹುಡುಗ್ರಿಗೆ ಗೋಲಿನ್ ಮುಂದೆ ನಿಲ್ಲದು ಹೆಂಗೆ ಅಂತ ನೀನೇ ಹೇಳ್ಕೊಡು."

ಸೋಮವಾರ ಹೋಗಲಿಲ್ಲ. ಜರ್ಸಿಯನ್ನು ಒಗೆಯದೆ ಬೀರುವಿನೊಳಗೆ ಬಚ್ಚಿಟ್ಟುಕೊಂಡೆ. ಅವರ ಮೇಲೆ ಕೆಟ್ಟ ಸಿಟ್ಟಿತ್ತು. ಹದಿನೈದು ದಿನ ಅಂಗಡಿಯ ಮುಂದೆ ಅವರು ಹಾದುಹೋದಾಗ ತಲೆ ತಗ್ಗಿಸಿ ಕಾಗದ ಜೋಡಿಸುತ್ತಿದ್ದೆ. ಅಷ್ಟು ದಿನವೂ ನನ್ನ ಜಾಗಕ್ಕೆ ಬಂದ ಹೊಸ ಹುಡುಗನನ್ನು ಜರ್ಸಿಯಿಲ್ಲದೆ, ಮಾಮೂಲಿ ಶರ್ಟಿನಲ್ಲೇ ಆಡಿಸುತ್ತಿದ್ದರಂತೆ. ಐದನೇ ನಂಬರನ್ನು ಕೇಳಿ ತರಿಸಿಕೊಳ್ಳಲಿಲ್ಲ. ಅದು ಕಿವಿಗೆ ಬಿದ್ದ ಸಂಜೆ ನಾನೇ ಮಡಚಿಕೊಂಡು ಹೋಗಿ ಕೊಟ್ಟೆ. ಅವರು ಪಕ್ಕಕ್ಕೆ ಸರಿದು ಏರಿಯ ಮೇಲೆ ಜಾಗ ಮಾಡಿದರು. ಆ ಜಾಗದಲ್ಲಿ ಆರು ಬೇಸಿಗೆ ಕೂತೆ. ಆಡಿದ ಹದಿನಾಲ್ಕು ಬೇಸಿಗೆಗಿಂತ ಈಗ ಹೆಚ್ಚು ನೆನಪಾಗುವುದು ಆ ಆರೇ.

ಹೋದ ವರ್ಷ ಕೆರೆ ಬತ್ತುವ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ಪಟ್ಟಿ ಮಾಡುವ ಕೆಲಸ ನನಗೆ ಬಿತ್ತು. ಒಂದು ದಿನ ಬಂದು ಹೋಗು ಎಂದು ಹೇಳಿ ಕಳಿಸಿದರು. ಹೋದೆ. ಪಡಸಾಲೆಯ ಮಂಚದ ಮೇಲೆ ಒರಗಿದ್ದರು. ಎಡಗಿವಿ ಸ್ವಚ್ಛವಾಗಿತ್ತು, ಒಂದು ಚೂರೂ ಪುಡಿಯಿರಲಿಲ್ಲ.

"ಎಷ್ಟು ಜನ ಬತ್ತವ್ರೆ?"

"ಇಬ್ರು ಅಣ್ಣ."

"ಹೋಗೋರು?"

"ಇಬ್ರು. ನಾಳೆ ಹೋಗಿ ಹೇಳ್ಬತ್ತೀನಿ."

ಅವರು ನೀರು ಬೇಕು ಅಂದರು. ಅತ್ತಿಗೆ ಏಳಲು ಹೋದರೆ ಕೈಯಿಂದ ತಡೆದು, "ಅವ್ನು ಕೊಡ್ಲಿ," ಎಂದರು. ಕೊಟ್ಟೆ. ಎರಡು ಗುಟುಕು ಕುಡಿದು ಲೋಟವನ್ನು ಪಕ್ಕದಲ್ಲಿಟ್ಟರು.

"ಇಬ್ರಲ್ಲ ಕಣ್ಲಾ. ಈ ಸಲ ಹೋಗೋರು ಮೂರು ಜನ. ನಿನ್ ಮನೆಗೇ ಬಂದು ಹೇಳ್ಬೇಕಿತ್ತು. ಕಾಲು ಬರ್ನಿಲ್ಲ, ಅದ್ಕೆ ನಿನ್ನೇ ಕರುಸ್ಕಂಡೆ."

ಅವರಿಟ್ಟ ಲೋಟವನ್ನು ಕೈಗೆತ್ತಿಕೊಂಡೆ. ಅವರೇ ನಗಲು ನೋಡಿದರು. "ಬಿಚ್ಚಿ ಕೊಡನ ಅಂದ್ರೆ ನನ್ ತಾವ ಜರ್ಸಿನೂ ಇಲ್ಲ ನೋಡು," ಅಂದರು.

ಮೊದಲನೆಯ ಪಂದ್ಯಕ್ಕೆ ನಾಲ್ಕು ದಿನವಿರುವಾಗ ಹೋದರು. ತೋಟದಲ್ಲೇ ಮಣ್ಣು ಮಾಡಿದೆವು. ಹೋದ ಬೇಸಿಗೆಗಳಲ್ಲಿ ಜರ್ಸಿ ಬಿಚ್ಚಿಕೊಟ್ಟವರು ಎಷ್ಟೋ ಜನ ಬಂದಿದ್ದರು. ನೊಣವಿನಕೆರೆಯ ಗೆಳೆಯನೂ ಬಂದಿದ್ದ. ನನ್ನೊಂದಿಗೆ ಮಾತಾಡಲಿಲ್ಲ, ಆದರೆ ಮಣ್ಣು ಹಾಕುವಾಗ ನನ್ನ ಎಡಗಡೆಯೇ ನಿಂತಿದ್ದ.

ಈ ಬೇಸಿಗೆ ಹುಡುಗರು ಎಂಟು ಜನ ಹೊಸಬರು ಬೇಕು ಅಂತ ಕೂತರು. ಹೋಗೋರು ಯಾರು ಅಂತ ಕೇಳಿದೆ. ಕೊನೆಗೆ ಇಬ್ಬರು ಅಂತಾಯಿತು. ಅತ್ತಿಗೆಯ ಹತ್ತಿರ ಮೊಪೆಡ್ ಕೇಳಿ ತಗೊಂಡು ನಾನೊಬ್ಬನೇ ಮೊದಲನೆಯ ಮನೆಗೆ ಹೋದೆ. ನೀರು ಕೇಳಿದೆ. ಹುಡುಗ ನೀರಿನ ಜೊತೆಗೆ ಮಡಚಿದ ಜರ್ಸಿಯನ್ನೂ ತಂದು ನನ್ನ ಮುಂದಿಟ್ಟ.

"ಹೇಳದೇನೂ ಬ್ಯಾಡ ಬುಡಣ್ಣ. ನೀರು ಕೇಳಿದ್ರಲ್ಲ, ಗೊತ್ತಾಯ್ತು."

ಕುಡಿದೆ. ಲೋಟವನ್ನು ಪಕ್ಕದಲ್ಲಿಟ್ಟೆ. ಹುಡುಗನ ಕಣ್ಣು ಒದ್ದೆಯಾಗಿತ್ತು. ನನ್ನದು ಒದ್ದೆಯಾದದ್ದು ಅವನಿಗಾಗಿ ಅಂದುಕೊಂಡನೇನೋ, ಎದ್ದು ಇನ್ನೊಂದು ಲೋಟ ನೀರು ತಂದುಕೊಟ್ಟ.