ಇನ್ನೊಂದು ಸುತ್ತು

ಬಂಡಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ರಾಣಿ ಆಟದ ಮೇಡಮ್ಮು. ದಿನಾ ಬೆಳಿಗ್ಗೆ ಮಧುವನಹಳ್ಳಿಯಿಂದ ಬಸ್ಸು ಹತ್ತಿ ಹೋಗುತ್ತಾಳೆ. ಮಕ್ಕಳಿಗೆ ಓಟ ಕಲಿಸುತ್ತಾಳೆ, ಆದರೆ ಯಾರಿಗೂ 'ಇನ್ನೊಂದು ಸುತ್ತು ಓಡು' ಎನ್ನುವುದಿಲ್ಲ. ಆ ಮಾತನ್ನು ಅವಳು ಕೊನೆಯ ಸಲ ಆಡಿ ಹನ್ನೊಂದು ವರ್ಷವಾಯಿತು.

ಆಗ ಅವಳ ಅಣ್ಣ ಶಾಂತರಾಜು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಸಾವಿರದ ಆರುನೂರು ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕಿತ್ತು. ಕೂಲಿ ಮಾಡುತ್ತಿದ್ದ ಅವರಪ್ಪ ದೊಡ್ಡಮಾದಯ್ಯ ತೆಂಗಿನ ನಾರಿನ ಹಗ್ಗ ಹಿಡಿದು ಕಾಲುವೆ ಏರಿಯನ್ನು ಅಳೆದುಕೊಟ್ಟ. ತೂಬಿನಿಂದ ಹುಣಸೆ ಮರಕ್ಕೆ ನಾನೂರು ಮೀಟರ್. ಹೋಗಿ ಬಂದರೆ ಒಂದು ಸುತ್ತು. ಎರಡು ಸುತ್ತಿಗೆ ಲೆಕ್ಕ ಸರಿ.

ಅಪ್ಪನೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲಿನ ಟವಲ್ಲನ್ನು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ಮಗನ ಹಿಂದೆ ಅರ್ಧ ದಾರಿ ಓಡಿ, ನಗು ತಡೆಯಲಾರದೆ ಕೂತುಬಿಡುತ್ತಿದ್ದ. ರಾಣಿಯೂ ಓಡುತ್ತಿದ್ದಳು. ಹತ್ತನೇ ಕ್ಲಾಸಿನವರೆಗೆ ಅಣ್ಣನನ್ನು ಅವಳೇ ಹಿಂದೆ ಹಾಕುತ್ತಿದ್ದಳು. ಓಡಿ ಬಂದವರಿಗೆ ಅವ್ವ ಪುಟ್ಟಮಾದಮ್ಮ ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಹಸಿ ಈರುಳ್ಳಿ ಹಾಕಿ, ಅಂಬಲಿ ಮಾಡಿ ಲೋಟಕ್ಕೆ ಸುರಿದುಕೊಡುತ್ತಿದ್ದಳು. ಸುಗ್ಗಿಯ ಕಾಲದಲ್ಲಿ ಬೇಯಿಸಿದ ಕಡಲೆಕಾಯಿಯೂ ಇರುತ್ತಿತ್ತು. ಮೊದಲು ಬಂದವರಿಗೆ ಒಂದು ಚೂರು ಬೆಲ್ಲ. ಅದಕ್ಕಾಗಿ ಅಣ್ಣ ತಂಗಿ ಜಗಲಿಯ ಮೇಲೆ ಕಿತ್ತಾಡುತ್ತಿದ್ದರು.

ಪರೀಕ್ಷೆಗೆ ಎಂಟು ದಿನವಿತ್ತು. ಆವತ್ತು ಅಪ್ಪ ಬೇಗ ಕೆಲಸಕ್ಕೆ ಹೋಗಿದ್ದ. ರಾಣಿ ಗಡಿಯಾರ ಹಿಡಿದು ತೂಬಿನ ಬಳಿ ನಿಂತಿದ್ದಳು. ಶಾಂತರಾಜು ಎರಡು ಸುತ್ತು ಮುಗಿಸಿ ಬಂದು ಮೊಣಕಾಲಿಗೆ ಕೈಯೂರಿ ಬಗ್ಗಿದ.

"ಆರು ಸೆಕೆಂಡ್ ಜಾಸ್ತಿ ಆಯ್ತು ಕಣಣ್ಣ" ಎಂದಳು ರಾಣಿ.

"ಎದೆ ಇಡ್ಕಂಡಂಗದೆ ರಾಣಿ. ಸಾಕು ಇವತ್ತು."

"ಏನೂ ಇಲ್ಲ ಓಗು. ಇನ್ನೊಂದು ಸುತ್ತು ಓಡು, ಸರಿಯಾಯ್ತದೆ."

ಅವನು ತಂಗಿಯ ಮುಖ ನೋಡಿದ. ನಕ್ಕ. ಓಡಿದ. ಹುಣಸೆ ಮರ ಮುಟ್ಟಿ ತಿರುಗಿ ಬರುತ್ತಿದ್ದವನು, ತೂಬು ಇನ್ನೇನು ಬಂತು ಎನ್ನುವಾಗ ಮುಂದಕ್ಕೆ ಬಿದ್ದ. ಗದ್ದೆಯಲ್ಲಿದ್ದವರು ಅವನನ್ನು ಹೊತ್ತುಕೊಂಡು ಹುಣಸೆ ಮರದ ಹತ್ತಿರದ ರಸ್ತೆಗೆ ಓಡಿದರು. ಅಲ್ಲಿಂದ ಆಟೋದಲ್ಲಿ ಕೊಳ್ಳೇಗಾಲಕ್ಕೆ. ದಾರಿಯಲ್ಲೇ ಜೀವ ಹೋಗಿತ್ತು. ಅವನಿಗೆ ಇಪ್ಪತ್ಮೂರು ವರ್ಷ.

ಅವನು ಸಾಕು ಅಂದಿದ್ದನ್ನು ರಾಣಿ ಯಾರಿಗೂ ಹೇಳಲಿಲ್ಲ. ಮೂರು ವರ್ಷದ ಮೇಲೆ ಅಪ್ಪ ತೀರಿಕೊಂಡಾಗಲೂ ಹೇಳಲಿಲ್ಲ. ಅವಳು ದೈಹಿಕ ಶಿಕ್ಷಣ ಓದಿ ಕೆಲಸಕ್ಕೆ ಸೇರಿದಳು. ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಬಿಟ್ಟಾಗಲೆಲ್ಲ ಬೆನ್ನ ಹಿಂದೆ ಯಾರೋ ಏದುಸಿರು ಬಿಡುವುದು ಕೇಳುತ್ತಿತ್ತು. ಎರಡು ಉಸಿರು ಸಲೀಸು, ಮೂರನೆಯದು ತಡವರಿಸುತ್ತಿತ್ತು. ಅದು ಅಣ್ಣನ ಉಸಿರು. ಅವಳು ಹಿಂತಿರುಗುತ್ತಿರಲಿಲ್ಲ.

ಮನೆಯಲ್ಲಿ ಅವ್ವ ದಿನಾ ಅಂಬಲಿ ಕಿವುಚಿ ಮೂರು ಲೋಟಕ್ಕೆ ಸುರಿಯುತ್ತಿದ್ದಳು. ಒಂದು ತನಗೆ, ಒಂದು ರಾಣಿಗೆ. ಮೂರನೆಯದು ಜಗಲಿಯ ಮೇಲೆ ಹಾಗೇ ಇದ್ದು, ಬಿಸಿಲೇರಿದ ಮೇಲೆ ಎಮ್ಮೆಯ ಕಲಗಚ್ಚಿಗೆ ಸೇರುತ್ತಿತ್ತು. ಅದು ಯಾರಿಗೆ ಎಂದು ರಾಣಿ ಕೇಳಲಿಲ್ಲ, ಅವ್ವ ಹೇಳಲಿಲ್ಲ.

ಹೋದ ಆಗಸ್ಟಿನಲ್ಲಿ ತಾಲ್ಲೂಕು ಮಟ್ಟದ ಆಟಗಳಿಗೆ ತಯಾರಿ ನಡೆದಿತ್ತು. ಎಂಟನೇ ಕ್ಲಾಸಿನ ದಿವ್ಯ ಓಡುತ್ತಿದ್ದವಳು ನಿಂತು, "ಮಿಸ್, ಎದೆ ನೋಯ್ತದೆ" ಎಂದಳು. ರಾಣಿ ಸೀಟಿ ಬಿಟ್ಟು ಅವಳತ್ತ ಓಡಿದಳು. ಹುಡುಗಿಯನ್ನು ಎತ್ತಿಕೊಂಡು ಸಿಕ್ಕಿದ ಬೈಕಿನಲ್ಲಿ ಕೂತು ಆಸ್ಪತ್ರೆಗೆ ಹೋದಳು. ಡಾಕ್ಟರು ಪರೀಕ್ಷೆ ಮಾಡಿ, "ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿದರು. ಅವಳು ಏನೂ ತಿಂದಿರಲಿಲ್ಲ. "ಖಾಲಿ ಹೊಟ್ಟೆ, ಗ್ಯಾಸು. ಗಾಬರಿ ಆಗ್ಬೇಡಿ ಮೇಡಂ" ಎಂದರು. ಹೊರಗೆ ಬೆಂಚಿನ ಮೇಲೆ ದಿವ್ಯ ಎರಡು ಇಡ್ಲಿ ತಿಂದು ಗೆಲುವಾದಳು.

ಸಂಜೆ ಮನೆಗೆ ಬಂದ ರಾಣಿ ಚಪ್ಪಲಿ ಬಿಡದೆ ಅವ್ವನ ಮುಂದೆ ಕೂತಳು.

"ಅವ್ವ, ಅಣ್ಣ ನಂಗೆ ಸಾಕು ಅಂದಿದ್ದ. ಎದೆ ಇಡ್ಕಂಡಂಗದೆ ಅಂದಿದ್ದ. ನಾನೇ ಓಡ್ಸ್ದೆ."

ಪುಟ್ಟಮಾದಮ್ಮ ಕಾಳು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. ಬೈಯುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದು ರಾಣಿ ಕಾದಳು. ಹೊಡೆದಿದ್ದರೆ ಚೆನ್ನಾಗಿತ್ತು.

"ನಿಂಗಿಂತ ಮೊದ್ಲು ನಂಗೆ ಏಳಿದ್ದ ಕಣವ್ವ" ಎಂದಳು ಅವ್ವ. "ಎದ್ದೇಟ್ಗೇ ಅಂದ, ಅವ್ವ, ಎದೆ ಒಂಥರಾ ಆಯ್ತಾ ಅದೆ, ಇವತ್ತು ಓಗಲ್ಲ ಅಂತ. ಗ್ಯಾಸ್ ಕಣ್ಲಾ, ಸೋಮಾರಿಯಾಗ್ಬ್ಯಾಡ, ಓಗು ಅಂತ ಜೀರಿಗೆ ನೀರು ಕುಡ್ಸಿ ಕಳಿಸ್ದೆ. ಬಂದ್ಮೇಲೆ ಅಂಬ್ಲಿ ಕುಡೀವಂತೆ ಅಂದಿದ್ದೆ. ನಿಮ್ಮಪ್ಪಂಗೂ ಏಳ್ನಿಲ್ಲ."

ತಾಯಿ ಮಗಳು ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಅದು ಇಬ್ಬರಿಗೂ ಆಗುವಂತಿರಲಿಲ್ಲ. ಒಲೆಯ ಮೇಲೆ ಸಾರು ಉಕ್ಕಿತು, ಯಾರೂ ಏಳಲಿಲ್ಲ.

ಮಾರನೆಯ ದಿನ ಭಾನುವಾರ. ಅವ್ವ ತಲೆಗೆ ಸೆರಗು ಹೊದ್ದು, "ಆ ಜಾಗ ತೋರ್ಸು ನಡಿ" ಎಂದಳು. ಹನ್ನೊಂದು ವರ್ಷದಲ್ಲಿ ಅವಳು ಕಾಲುವೆ ಏರಿ ಹತ್ತಿರಲಿಲ್ಲ. ಕೂಲಿಗೆ ಹೋಗಲೂ ಸುತ್ತಿ ಬಳಸಿ ರಸ್ತೆಯಲ್ಲೇ ಹೋಗುತ್ತಿದ್ದಳು. ಹುಣಸೆ ಮರದ ಹತ್ತಿರ ಆಟೋಗೆ ಹಾಕಿದರು ಎಂದು ಜನ ಹೇಳಿದ್ದರಿಂದ, ಮಗ ಬಿದ್ದದ್ದೂ ಅಲ್ಲೇ ಎಂದು ತಿಳಿದಿದ್ದಳು.

ರಾಣಿ ತೂಬಿಗೆ ಇಪ್ಪತ್ತು ಹೆಜ್ಜೆ ಮೊದಲೇ ನಿಂತಳು. "ಇಲ್ಲಿ ಕಣವ್ವ."

ಅವ್ವ ನೆಲ ನೋಡಲಿಲ್ಲ. ಹಿಂತಿರುಗಿ ಊರ ಕಡೆ ನೋಡಿದಳು. ಆ ವರ್ಷ ಅಲ್ಲಿ ಆಳೆತ್ತರ ಕಬ್ಬು ನಿಂತಿತ್ತು. ಈಗ ಕಬ್ಬು ಕಡಿದಿದ್ದರಿಂದ ಅವರ ಮನೆಯ ಹಿತ್ತಿಲು, ಒಣಗಲು ಹಾಕಿದ್ದ ಸೀರೆ, ನೀರಿನ ತೊಟ್ಟಿ ಎಲ್ಲ ಕಾಣುತ್ತಿತ್ತು.

"ಇಲ್ಲೇನಾ?" ಎಂದಳು ಪುಟ್ಟಮಾದಮ್ಮ. "ಇಷ್ಟು ಅತ್ರನಾ? ನಾನು ಇತ್ಲಲ್ಲಿ ಪಾತ್ರೆ ಬೆಳಗ್ತಿದ್ದೆ ಕಣೇ. ಒಂದು ಕೂಗು ಆಕಿದ್ರೆ ಕೇಳ್ತಿತ್ತಲ್ಲ."

ಅವ್ವ ಅಲ್ಲೇ ಏರಿಯ ಮೇಲೆ ಕೂತಳು, ಬಿಸಿಲು ನೆತ್ತಿಗೆ ಬರುವವರೆಗೂ ಏಳಲಿಲ್ಲ.