ಶಾಂತವ್ವನ ಜೀವ ಕಾಯ್ದ ತಾಯಿ

ನನ್ನ ಕೈಯಿಂದಾದ ತಪ್ಪಿಗೆ ಒಬ್ಬ ಹೆಣ್ಣುಮಗಳ ಜೀವ ಹೋಗುವುದರಲ್ಲಿತ್ತು. ಬನಶಂಕರಿ ತಾಯಿಯನ್ನು ನಂಬಿದ ನಿಮ್ಮೆಲ್ಲರ ಮುಂದೆ ಏನನ್ನೂ ಮುಚ್ಚಿಡದೆ ಹೇಳುತ್ತೇನೆ.

ನಾವು ಬಾದಾಮಿ ಕಡೆಯವರು. ಯಜಮಾನರು ಗೋವಾದ ವೆರ್ಣಾದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕಿದ್ದಾರೆ. ನಾನು ಆರು ವರ್ಷ ಹೋಟೆಲಿನಲ್ಲಿ ಚಾದರ ಒಗೆದು, ಮೂವತ್ತು ದಾಟಿದ ಮೇಲೆ ನರ್ಸಿಂಗ್ ಕಲಿಯಲು ಸೇರಿದೆ.

ಕಳೆದ ಶ್ರಾವಣದ ಒಂದು ಮಂಗಳವಾರ. ಮೊದಲ ಬಸ್ಸು ಹಿಡಿದು ಏಳಕ್ಕೆಲ್ಲ ತರಬೇತಿಯ ಆಸ್ಪತ್ರೆ ತಲುಪಿದ್ದೆ. ಹೆಂಗಸರ ವಾರ್ಡಿಗೆ ಹೊಸಬಳಾದ ನನಗೆ ಗೊತ್ತಿರಲಿಲ್ಲ, ಅಂದು ಅಲ್ಲಿ ಇಬ್ಬರು ಶಾಂತವ್ವರಿದ್ದರು. ಒಬ್ಬರು ಸಕ್ಕರೆ ಕಾಯಿಲೆಯ ಅಜ್ಜಿ. ನಾಷ್ಟಾಕ್ಕೆ ಮೊದಲು ಅವರಿಗೆ ಇನ್ಸುಲಿನ್ ಕೊಡಬೇಕಿತ್ತು. ಇನ್ನೊಬ್ಬರು ಕಟ್ಟಡದ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡವರು. ಒಂಬತ್ತಕ್ಕೆ ಆಪರೇಷನ್ ಇದ್ದುದರಿಂದ ಖಾಲಿ ಹೊಟ್ಟೆಯಲ್ಲಿದ್ದರು.

ನಮಗೆ ಕಲಿಸುವ ಸಿಸ್ಟರ್ ಗೋವಾದ ಕಾಣಕೋಣದವರಾದರೂ ಕನ್ನಡ ಬಲ್ಲವರು. ನನ್ನಿಂದಲೇ ಸಿರಿಂಜಿಗೆ ಇನ್ಸುಲಿನ್ ತುಂಬಿಸಿ, ಪ್ರಮಾಣ ಸರಿಯಿದೆಯೆಂದು ನೋಡಿದರು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕರೆ ಬಂತು. "ನಾನು ಬರೋ ತನಕ ಕೊಡಬೇಡ" ಎಂದು ಹೇಳಿ ಹೋದರು.

ನಾನು ಕಾಯಲಿಲ್ಲ. ನನಗೂ ಬರುತ್ತದೆಂದು ತೋರಿಸುವ ಆಸೆ. ಬಾಗಿಲ ಬಳಿಯ ಮಂಚಕ್ಕೆ ಹೋಗಿ, "ಶಾಂತವ್ವ ಅಂದ್ರ ನೀವ ಏನ್ರಿ?" ಎಂದು ಕೇಳಿದೆ.

"ಹೌದವಾ, ನಾನ."

ಕೊಟ್ಟುಬಿಟ್ಟೆ. ರೋಗಿಯ ಬಾಯಿಂದಲೇ ಪೂರ್ತಿ ಹೆಸರು ಹೇಳಿಸಬೇಕು, ಕೈಗೆ ಕಟ್ಟಿದ ಪಟ್ಟಿಯ ನಂಬರನ್ನು ಚೀಟಿಯ ಜೊತೆ ತಾಳೆ ನೋಡಬೇಕು ಎಂದು ಎಷ್ಟು ಸಲ ಬರೆದು ಕಲಿತಿದ್ದೆನೋ! ಆ ಗಳಿಗೆಗೆ ಒಂದೂ ನೆನಪಾಗಲಿಲ್ಲ. ನಾನು ತಿರುಗುವಾಗ ಕೈ ತಾಗಿ ಹೊದಿಕೆ ಸರಿಯಿತು. ಕಾಲಿನ ಪ್ಲಾಸ್ಟರ್ ಕಂಡಿತು. ಇವರು ಇನ್ಸುಲಿನ್ ಕೊಡಬೇಕಾದ ಶಾಂತವ್ವ ಅಲ್ಲ!

ಔಷಧದ ಟ್ರಾಲಿ ಹಿಡಿದು ನಿಂತೆ. "ತಾಯಿ, ಯಾರಿಗೂ ಗೊತ್ತಾಗದಂಗ ಮಾಡು." ನನ್ನ ಬಾಯಿಂದ ಮೊದಲು ಬಂದದ್ದು ಈ ಮಾತು. ನಾಚಿಕೆಪಟ್ಟು ಬರೆಯುತ್ತಿದ್ದೇನೆ.

ಆಗಲೇ ಕಿಟಕಿ ಕಡೆಯ ಅಜ್ಜಿ ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು: "ಯವ್ವಾ, ನನ್ನ ಸೂಜಿ ಎಲ್ಲೈತಿ? ನಾಷ್ಟಾ ಆರಾಕತ್ತೈತಿ!"

ಸೂಜಿ ಕಂಡರೆ ಮುಖ ತಿರುಗಿಸಿ ಮಲಗುತ್ತಿದ್ದ ಅಜ್ಜಿ ಅವರೆಂದು ಸಿಸ್ಟರ್ ಆಮೇಲೆ ಹೇಳಿದರು. ತಾವಾಗಿ ಕೇಳಿದ್ದು ಅಂದೇ ಮೊದಲು. ತಾಯಿ ನನ್ನ ಕೈಬಿಟ್ಟಳೆಂದೇ ತಿಳಿದೆ. ಆದರೆ ಆ ಕೂಗು ಕೇಳಿದ ಮೇಲೆ ನಿಲ್ಲಲಾಗದೆ ಸಿಸ್ಟರ್ ಹತ್ತಿರ ಓಡಿದೆ.

"ತಪ್ಪಾತ್ರಿ ಸಿಸ್ಟರ್. ಕಾಲು ಮುರದ ಶಾಂತವ್ವಗ ಇನ್ಸುಲಿನ್ ಕೊಟ್ಟೇನಿ."

ಅವರು ಬೈಯಲಿಲ್ಲ. "ಎಷ್ಟು ನಿಮಿಷ ಆಯ್ತು?" ಎಂದಷ್ಟೇ ಕೇಳಿದರು.

"ಐದು ಆಗಿಲ್ರಿ."

ಡಾಕ್ಟರು ಬಂದು ನರಕ್ಕೆ ಗ್ಲೂಕೋಸ್ ಹಚ್ಚಿಸಿದರು. ಆಪರೇಷನ್ ಮುಂದೂಡಿದರು. ಮತ್ತೆ ಮತ್ತೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತಲೇ ಇದ್ದರು. ಆದರೂ ಸ್ವಲ್ಪ ಹೊತ್ತಿಗೆ ಶಾಂತವ್ವ ಬೆವರಿ ನಡುಗತೊಡಗಿದರು. "ಕಣ್ಣ ಕತ್ತಲಿ ಬರಾಕತ್ತೈತಿ" ಎಂದು ನನ್ನ ಕೈಯನ್ನೇ ಹಿಡಿದುಕೊಂಡರು. "ತಾಯಿ, ನನ್ನ ಕಲಿಕಿ ಹೋದ್ರ ಹೋಗ್ಲಿ, ಈ ಜೀವ ಉಳಿಸು" ಎಂದು ಬೇಡಿಕೊಂಡೆ. ಗ್ಲೂಕೋಸ್ ಹೆಚ್ಚಿಸಿದರು. ಮಧ್ಯಾಹ್ನದ ಹೊತ್ತಿಗೆ ಅವರು ಚೇತರಿಸಿಕೊಂಡು ಊಟ ಕೇಳಿದರು.

ಯಾರಿಗೂ ತಿಳಿಯದೆ, ಅರಿವಳಿಕೆ ಕೊಟ್ಟ ಮೇಲೆ ಸಕ್ಕರೆ ಇಳಿದಿದ್ದರೆ ಜೀವ ಉಳಿಸುವುದು ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಸಂಜೆ ಸಿಸ್ಟರ್ ನನ್ನನ್ನು ಶಾಂತವ್ವ ಮತ್ತು ಅವರ ಗಂಡನ ಮುಂದೆ ನಿಲ್ಲಿಸಿದರು. ನಡೆದದ್ದೆಲ್ಲ ಹೇಳಿದೆ. ಗಂಡ ಎದ್ದು ನಿಂತರು.

"ಕೂಲಿ ಮಂದಿ ಮೈ ಮ್ಯಾಲ ಕಲೀತೀರೇನು ನೀವು?"

ಶಾಂತವ್ವ ಗಂಡನ ತೋಳು ಹಿಡಿದು ಕೂರಿಸಿದರು. "ಸುಮ್ಕಿರ್ರಿ. ಮಾಡಿದ್ದನ್ನ ತಾನ ಬಂದು ಹೇಳ್ಯಾಳ."

ಎರಡು ದಿನದ ಮೇಲೆ ಆಪರೇಷನ್ ಚೆನ್ನಾಗಿ ಆಯಿತು. ಕಾಲೇಜಿನವರು ಒಂದು ತಿಂಗಳು ನನಗೆ ಔಷಧ ಮುಟ್ಟಗೊಡದೆ, ಪಾಠವನ್ನು ಮೊದಲಿನಿಂದ ಕಲಿಸಿದರು. ಅದು ಸರಿಯಾದ ಶಿಕ್ಷೆಯೇ.

ಭಕ್ತರೇ, ಆ ಬೆಳಿಗ್ಗೆ ತಾಯಿ ನನ್ನ ಮೊದಲ ಪ್ರಾರ್ಥನೆ ನಡೆಸಿಕೊಟ್ಟಿದ್ದರೆ ನಾನು ಇಂದು ಕೊಲೆಗಾತಿ. ಕೇಳಿದ್ದನ್ನು ಕೊಡದೆ ಕಾಪಾಡಿದ ತಾಯಿಗೆ ಕೋಟಿ ನಮಸ್ಕಾರ.